ಒಂದೇ ಒಪ್ಪಂದ, ಎರಡು ಮತದಾನ: ಲಿಸ್ಬನ್ ಒಪ್ಪಂದ ಮತ್ತು ಐರ್ಲೆಂಡಿನ ಜನಸಮ್ಮತಿ

2008ರ ಜೂನ್ 12ರಂದು ಐರ್ಲೆಂಡಿನ ಮತದಾರರು ಐರೋಪ್ಯ ಒಕ್ಕೂಟದ ಆಡಳಿತ ವ್ಯವಸ್ಥೆಯನ್ನು ತಿದ್ದುವ ಲಿಸ್ಬನ್ ಒಪ್ಪಂದವನ್ನು ತಿರಸ್ಕರಿಸಿದರು. ಬೇಡವೆಂದವರು 8,62,415 ಮಂದಿ, ಬೇಕೆಂದವರು 7,52,451 ಮಂದಿ. ಶೇಕಡಾ ಲೆಕ್ಕದಲ್ಲಿ 53.4ಕ್ಕೆ 46.6. ಹದಿನಾರು ತಿಂಗಳು ಕಳೆಯುವ ಮೊದಲೇ, 2009ರ ಅಕ್ಟೋಬರ್ 2ರಂದು, ಒಂದಕ್ಷರವೂ ಬದಲಾಗದ ಅದೇ ಒಪ್ಪಂದವನ್ನು ಅದೇ ಜನರ ಮುಂದೆ ಮತ್ತೆ ಇಡಲಾಯಿತು. ಈ ಸಲ ಶೇ. 67.1 ಮಂದಿ ಒಪ್ಪಿದರು. ಆ ವರ್ಷದ ಡಿಸೆಂಬರ್ 1ರಂದು ಒಪ್ಪಂದ 27 ದೇಶಗಳಲ್ಲಿ ಜಾರಿಗೆ ಬಂತು.

ಐರೋಪ್ಯ ಏಕೀಕರಣದ ಬಗ್ಗೆ ವಾದಿಸುವ ಎರಡೂ ಪಕ್ಷದವರು ಈ ಪ್ರಕರಣವನ್ನು ತಮ್ಮ ಪರವಾಗಿ ಎತ್ತಿಕೊಳ್ಳುತ್ತಾರೆ. ಒಕ್ಕೂಟವನ್ನು ಶಂಕಿಸುವವರಿಗೆ ಇದು, ತಮಗೆ ಬೇಕಾದ ಉತ್ತರ ಸಿಗುವ ತನಕ ಜನರನ್ನು ಕೇಳುತ್ತಲೇ ಇರುವ ಆಳುವವರ ಹಟಕ್ಕೆ ಸಾಕ್ಷಿ. ಒಕ್ಕೂಟದ ಪರ ನಿಂತವರಿಗೆ ಇದು, ಜನರ ಆತಂಕವನ್ನು ಕೇಳಿಸಿಕೊಂಡು, ಅದಕ್ಕೆ ಲಿಖಿತ ಭರವಸೆ ಕೊಟ್ಟು, ಮತ್ತೆ ಜನರ ಬಳಿಗೇ ಮರಳಿದ ನಡವಳಿಕೆಗೆ ಮಾದರಿ. ಘಟನೆಗಳನ್ನು ಕ್ರಮವಾಗಿ ಇಟ್ಟು ನೋಡಿದಾಗ ನನಗೆ ಈ ಎರಡರಲ್ಲಿ ಯಾವುದನ್ನೂ ಪೂರ್ತಿಯಾಗಿ ಒಪ್ಪಲು ಆಗುವುದಿಲ್ಲ. ಜನರನ್ನು ಎರಡನೆಯ ಸಲ ಕೇಳಿದ್ದನ್ನೇ ಪ್ರಜಾಪ್ರಭುತ್ವಕ್ಕೆ ಆದ ಅಪಚಾರವೆಂದು ನಾನು ಎಣಿಸುವುದಿಲ್ಲ. ಮೊದಲ ಸಲ ಕೇಳುವಾಗ, ‘ಬೇಡ’ ಎಂದರೆ ಮುಂದೇನು ಎಂಬುದನ್ನು ಯಾರೂ ನಿರ್ಧರಿಸಿರಲಿಲ್ಲ, ಯಾರೂ ಜನರಿಗೆ ಹೇಳಲೂ ಇಲ್ಲ. ದೋಷದ ಬೇರು ಅಲ್ಲಿದೆ ಎಂಬುದು ನನ್ನ ತಿಳಿವಳಿಕೆ.

ಇಪ್ಪತ್ತೇಳು ದೇಶಗಳಲ್ಲಿ ಇಪ್ಪತ್ತಾರು ದೇಶಗಳು ಈ ಒಪ್ಪಂದವನ್ನು ಸಂಸತ್ತಿನ ಮೂಲಕವೇ ಸ್ಥಿರೀಕರಿಸಿದವು, ಅಂದರೆ ಅದಕ್ಕೆ ಅಂತಿಮ ಒಪ್ಪಿಗೆ ಕೊಟ್ಟವು. ಐರ್ಲೆಂಡ್ ಒಂದೇ ಏಕೆ ಜನರ ಬಳಿಗೆ ಹೋಗಬೇಕಾಯಿತು ಎಂಬುದನ್ನು ಮೊದಲು ನೋಡಬೇಕು. ಅದರ ಹಿಂದೆ ಒಬ್ಬ ನಾಗರಿಕನ ಮೊಕದ್ದಮೆ ಇದೆ.

ಐರ್ಲೆಂಡಿನ 1937ರ ಸಂವಿಧಾನ ಭಾರತದ ಓದುಗರಿಗೆ ಒಂದು ಕಡೆಯಿಂದ ಪರಿಚಿತವೇ: ನಮ್ಮ ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ವಗಳಿಗೆ ಮಾದರಿ ಸಿಕ್ಕಿದ್ದು ಅಲ್ಲಿಂದ. ಆದರೆ ಅದರ ಇನ್ನೊಂದು ಏರ್ಪಾಡನ್ನು ನಮ್ಮವರು ತೆಗೆದುಕೊಳ್ಳಲಿಲ್ಲ. ನಮ್ಮಲ್ಲಿ ಸಂವಿಧಾನವನ್ನು ತಿದ್ದುವ ಅಧಿಕಾರ 368ನೇ ವಿಧಿಯ ಪ್ರಕಾರ ಸಂಸತ್ತಿನದು, ಕೆಲವು ವಿಷಯಗಳಲ್ಲಿ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳ ಒಪ್ಪಿಗೆಯೂ ಬೇಕು. ಜನರನ್ನು ನೇರವಾಗಿ ಕೇಳುವ ಪ್ರಸಂಗವೇ ಇಲ್ಲ. ಐರ್ಲೆಂಡಿನಲ್ಲಿ ಸಂವಿಧಾನದ ಒಂದು ಪದವನ್ನು ಬದಲಿಸಬೇಕಾದರೂ, ಸಂಸತ್ತಿನ ಎರಡೂ ಸದನಗಳು ಮಸೂದೆಯನ್ನು ಅಂಗೀಕರಿಸಿದ ಮೇಲೆ ಜನಮತಗಣನೆ ನಡೆಯಲೇಬೇಕು. ಅದರ 5ನೇ ವಿಧಿ ಐರ್ಲೆಂಡನ್ನು ಸಾರ್ವಭೌಮ, ಸ್ವತಂತ್ರ, ಪ್ರಜಾಸತ್ತಾತ್ಮಕ ರಾಜ್ಯವೆಂದು ಸಾರುತ್ತದೆ. 6ನೇ ವಿಧಿ ಆಡಳಿತದ ಎಲ್ಲ ಅಧಿಕಾರಗಳೂ, ದೇವರ ಅಡಿಯಲ್ಲಿ, ಜನರಿಂದಲೇ ಬಂದವೆಂದೂ ರಾಷ್ಟ್ರನೀತಿಯ ಪ್ರಶ್ನೆಗಳಲ್ಲಿ ಕೊನೆಯ ತೀರ್ಮಾನ ಜನರದೆಂದೂ ಹೇಳುತ್ತದೆ.

1973ರ ಜನವರಿ 1ರಂದು ಒಕ್ಕೂಟದ ಹಿಂದಿನ ರೂಪವಾದ ಐರೋಪ್ಯ ಸಮುದಾಯವನ್ನು ಸೇರುವ ಮೊದಲು, 1972ರ ಮೇ 10ರಂದು ಐರ್ಲೆಂಡ್ ತನ್ನ ಜನರನ್ನು ಕೇಳಿತ್ತು. ಶೇ. 83ರಷ್ಟು ಮಂದಿ ಒಪ್ಪಿದರು. ಆಗ ಸಂವಿಧಾನಕ್ಕೆ ಸೇರಿಸಿದ ಮಾತು ಇಷ್ಟು: ರಾಜ್ಯವು ಸಮುದಾಯದ ಸದಸ್ಯನಾಗಬಹುದು, ಸದಸ್ಯತ್ವದ ಹೊಣೆಯಿಂದ ಅನಿವಾರ್ಯವಾಗುವ ಕಾನೂನುಗಳನ್ನೂ ಕ್ರಮಗಳನ್ನೂ ಈ ಸಂವಿಧಾನದ ಯಾವ ಭಾಗವೂ ಅಸಿಂಧುಗೊಳಿಸದು. ಒಮ್ಮೆ ಕೊಟ್ಟ ಈ ಒಪ್ಪಿಗೆ ಎಲ್ಲಿಯವರೆಗೆ ನಡೆಯುತ್ತದೆ? ಸಮುದಾಯ ನಾಳೆ ಬೇರೆ ರೂಪ ತಾಳಿದರೆ, ನಿನ್ನೆಯ ಒಪ್ಪಿಗೆ ಅದಕ್ಕೂ ಸಲ್ಲುತ್ತದೆಯೆ?

ಈ ಪ್ರಶ್ನೆಯನ್ನು ನ್ಯಾಯಾಲಯದ ಮುಂದೆ ಇಟ್ಟವರು ರೇಮಂಡ್ ಕ್ರಾಟಿ. ಕಿಲ್ಕೆನ್ನಿಯಲ್ಲಿ ವ್ಯವಸಾಯ ಮಾಡಿಕೊಂಡಿದ್ದು ಬಳಿಕ ಕೃಷಿ ಅರ್ಥಶಾಸ್ತ್ರಕ್ಕೆ ಹೊರಳಿದ ಅವರು ಸದಸ್ಯತ್ವವನ್ನು ಮೊದಲಿನಿಂದಲೂ ವಿರೋಧಿಸಿದ್ದರು. 1986ರಲ್ಲಿ ಸದಸ್ಯ ದೇಶಗಳು ಸಹಿ ಹಾಕಿದ ‘ಏಕ ಐರೋಪ್ಯ ಕಾಯಿದೆ’ ಎಂಬ ಒಪ್ಪಂದವು 1987ರ ಜನವರಿ 1ರಿಂದ ಜಾರಿಗೆ ಬರಬೇಕಿತ್ತು. ಐರ್ಲೆಂಡಿನ ಸಂಸತ್ತು ಡಿಸೆಂಬರ್‌ನಲ್ಲಿ ಅದಕ್ಕೆ ಅಂಗೀಕಾರ ಕೊಟ್ಟಿತು. ಸ್ಥಿರೀಕರಣ ಪತ್ರವನ್ನು ಸಲ್ಲಿಸುವುದಷ್ಟೇ ಬಾಕಿ ಇದ್ದಾಗ, ಕ್ರಿಸ್‌ಮಸ್‌ನ ಹಿಂದಿನ ದಿನ, ನ್ಯಾಯಮೂರ್ತಿ ಡೋನಲ್ ಬ್ಯಾರಿಂಗ್ಟನ್ ಕ್ರಾಟಿಯವರ ಅರ್ಜಿಯ ಮೇಲೆ ತಡೆಯಾಜ್ಞೆ ಕೊಟ್ಟರು. ಹನ್ನೆರಡು ದೇಶಗಳ ಒಪ್ಪಂದ ಒಬ್ಬ ಪ್ರಜೆಯ ಅರ್ಜಿಯಿಂದ ಆರು ತಿಂಗಳು ನಿಂತುಹೋಯಿತು.

1987ರ ಏಪ್ರಿಲ್ 9ರಂದು ಬಂದ ಸುಪ್ರೀಂ ಕೋರ್ಟಿನ ತೀರ್ಪು ಎರಡು ಹಂತಗಳಲ್ಲಿದೆ, ಅವೆರಡನ್ನೂ ಬೇರೆ ಬೇರೆಯಾಗಿ ಗಮನಿಸಬೇಕು. ಮೊದಲನೆಯದಾಗಿ, 1972ರ ಒಪ್ಪಿಗೆ ಸಮುದಾಯದ ಬೆಳವಣಿಗೆಗೂ ಸೇರಿದ ಒಪ್ಪಿಗೆ. ಮೂಲ ಒಪ್ಪಂದಗಳ ಸಾರಭೂತ ವ್ಯಾಪ್ತಿಯನ್ನೂ ಉದ್ದೇಶಗಳನ್ನೂ ಬದಲಿಸದ ತಿದ್ದುಪಡಿಗಳಿಗೆ ಹೊಸ ಜನಮತಗಣನೆ ಬೇಡ ಎಂದು ನ್ಯಾಯಾಲಯ ಹೇಳಿತು. ಹಾಗಾಗಿ ಒಳಮಾರುಕಟ್ಟೆಗೆ ಸಂಬಂಧಿಸಿದ ಭಾಗದ ವಿರುದ್ಧ ಕ್ರಾಟಿಯವರ ವಾದ ನಿಲ್ಲಲಿಲ್ಲ. ಆದರೆ ವಿದೇಶಾಂಗ ನೀತಿಯಲ್ಲಿ ಸಹಕರಿಸುವ ಭಾಗದ ವಿಷಯದಲ್ಲಿ ಮೂವರು ನ್ಯಾಯಮೂರ್ತಿಗಳು, ವಾಲ್ಷ್, ಹೆಂಚಿ ಮತ್ತು ಹೆಡರ್ಮನ್, ಸರ್ಕಾರದ ವಿರುದ್ಧ ನಿಂತರು. ಇಬ್ಬರು ಭಿನ್ನಮತ ಸೂಚಿಸಿದರು. ಬಹುಮತದ ತರ್ಕ ಹೀಗಿದೆ: ದೇಶದ ವಿದೇಶಾಂಗ ಅಧಿಕಾರವನ್ನು ಚಲಾಯಿಸಲು ಸಂವಿಧಾನ ಸರ್ಕಾರಕ್ಕೆ ಕೊಟ್ಟಿದೆ, ಚಲಾಯಿಸಲು ಕೊಟ್ಟ ಅಧಿಕಾರವನ್ನು ಬೇರೆಯವರ ಸಮ್ಮತಿಗೆ ಕಟ್ಟಿಹಾಕುವ, ಅಂದರೆ ಸ್ವತಂತ್ರವಾಗಿ ತೀರ್ಮಾನಿಸುವ ಶಕ್ತಿಯನ್ನೇ ಒತ್ತೆಯಿಡುವ ಹಕ್ಕು ಸರ್ಕಾರಕ್ಕಿಲ್ಲ, ಅಂಥದ್ದು ಬೇಕಿದ್ದರೆ ಆ ಅಧಿಕಾರ ಯಾರಿಂದ ಬಂತೋ ಅವರನ್ನೇ ಕೇಳಬೇಕು. ನಮ್ಮ ಹಳ್ಳಿಗಳಲ್ಲಿ ಗೇಣಿಗೆ ಪಡೆದ ಜಮೀನನ್ನು ಉಳಬಹುದು, ಮಾರುವಂತಿಲ್ಲ ಎನ್ನುವುದಕ್ಕೆ ಇದು ಹತ್ತಿರವಾದ ಮಾತು. ಮೇ 26ರಂದು ಜನಮತಗಣನೆ ನಡೆಯಿತು, ಸುಮಾರು ಶೇ. 70 ಮಂದಿ ಒಪ್ಪಿದರು, ಜುಲೈ 1ರಂದು ಕಾಯಿದೆ ಜಾರಿಗೆ ಬಂತು.

ಪ್ರತಿಯೊಂದು ಐರೋಪ್ಯ ಒಪ್ಪಂದಕ್ಕೂ ಜನಮತಗಣನೆ ಕಡ್ಡಾಯವೆಂದು ಈ ತೀರ್ಪು ಹೇಳಿಲ್ಲ. ಆದರೆ ಎಲ್ಲಿ ಗೆರೆ ದಾಟುತ್ತದೆ ಎಂಬುದು ಸ್ಪಷ್ಟವಿಲ್ಲದ ಕಾರಣ, ಮತ್ತೊಬ್ಬ ಕ್ರಾಟಿ ಬಂದು ಕೊನೆಯ ಘಳಿಗೆಯಲ್ಲಿ ತಡೆಯಾಜ್ಞೆ ತರುವ ಅಪಾಯವನ್ನು ಯಾವ ಸರ್ಕಾರವೂ ತಲೆಯ ಮೇಲೆ ಹಾಕಿಕೊಳ್ಳಲಿಲ್ಲ. 1992ರಲ್ಲಿ ಮಾಸ್ಟ್ರಿಕ್ಟ್, 1998ರಲ್ಲಿ ಆಮ್ಸ್ಟರ್‌ಡ್ಯಾಮ್, 2001ರಲ್ಲಿ ನೀಸ್, ಹೀಗೆ ಒಂದೊಂದು ಒಪ್ಪಂದಕ್ಕೂ ಜನರನ್ನು ಕೇಳುವುದು ರೂಢಿಯಾಯಿತು. 1995ರಲ್ಲಿ ಪೆಟ್ರೀಷಿಯಾ ಮೆಕೆನ್ನಾ ಅವರ ಮೊಕದ್ದಮೆಯಲ್ಲಿ, ಜನಮತಗಣನೆಯಲ್ಲಿ ಒಂದೇ ಪಕ್ಷದ ಪರವಾಗಿ ಸರ್ಕಾರ ಬೊಕ್ಕಸದ ಹಣ ಖರ್ಚು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಇನ್ನೊಂದು ಕಟ್ಟುಪಾಡಾಯಿತು. 1998ರ ಕಾಯಿದೆಯ ಪ್ರಕಾರ, ಪ್ರಶ್ನೆಯನ್ನು ಮತದಾರರಿಗೆ ತಟಸ್ಥವಾಗಿ ವಿವರಿಸಲು ಜನಮತಗಣನಾ ಆಯೋಗ ರಚನೆಯಾಯಿತು.

ಇನ್ನು ಲಿಸ್ಬನ್ ಒಪ್ಪಂದದ ಹುಟ್ಟು. ಫ್ರಾನ್ಸಿನ ಮಾಜಿ ಅಧ್ಯಕ್ಷ ವಾಲೆರಿ ಜಿಸ್ಕಾರ್ ದೆಸ್ತ್ಯಾಂ ಅವರ ಅಧ್ಯಕ್ಷತೆಯ ಸಮಾವೇಶವೊಂದು ಸಿದ್ಧಪಡಿಸಿದ್ದ ಕರಡಿನ ಆಧಾರದ ಮೇಲೆ ರೂಪುಗೊಂಡ ಐರೋಪ್ಯ ಸಂವಿಧಾನದ ಒಪ್ಪಂದಕ್ಕೆ 2004ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ಸಹಿ ಬಿದ್ದಿತ್ತು. 2005ರ ಮೇ 29ರಂದು ಫ್ರಾನ್ಸಿನ ಮತದಾರರು ಶೇ. 54.7ರಿಂದ, ಮೂರು ದಿನಗಳ ನಂತರ ನೆದರ್‌ಲ್ಯಾಂಡ್ಸಿನ ಮತದಾರರು ಶೇ. 61.5ರಿಂದ ಅದನ್ನು ತಿರಸ್ಕರಿಸಿದರು. ಎರಡು ವರ್ಷಗಳ ಮೌನದ ಬಳಿಕ ಆ ಸಂವಿಧಾನದ ಬಹುಪಾಲು ತಿರುಳನ್ನು ಉಳಿಸಿಕೊಂಡು, ‘ಸಂವಿಧಾನ’ ಎಂಬ ಹೆಸರನ್ನೂ ಧ್ವಜ, ಗೀತೆಗಳ ಉಲ್ಲೇಖವನ್ನೂ ಕೈಬಿಟ್ಟು, ಹಳೆಯ ಒಪ್ಪಂದಗಳಿಗೆ ತಿದ್ದುಪಡಿಗಳ ರೂಪದಲ್ಲಿ ಹೊಸದೊಂದನ್ನು ಬರೆಯಲಾಯಿತು. 2007ರ ಡಿಸೆಂಬರ್ 13ರಂದು ಲಿಸ್ಬನ್‌ನಲ್ಲಿ ಅದಕ್ಕೆ ಸಹಿಯಾಯಿತು.

ತಿದ್ದುಪಡಿಗಳ ರೂಪವನ್ನು ಆಯ್ದುಕೊಂಡದ್ದು ಸಣ್ಣ ಸಂಗತಿಯಲ್ಲ. 2004ರ ಪಠ್ಯವನ್ನು ಆಸಕ್ತ ನಾಗರಿಕರೊಬ್ಬರು ಮೊದಲಿನಿಂದ ಕೊನೆಯವರೆಗೆ ಓದಬಹುದಿತ್ತು. ಲಿಸ್ಬನ್ ಪಠ್ಯದಲ್ಲಿ ಇಂಥ ವಿಧಿಯ ಇಂಥ ಪದದ ಬದಲು ಇಂಥ ಪದ, ಇಂಥ ಪರಿಚ್ಛೇದವನ್ನು ತೆಗೆಯತಕ್ಕದ್ದು, ಇಂಥದನ್ನು ಸೇರಿಸತಕ್ಕದ್ದು ಎಂಬ ಸೂಚನೆಗಳೇ ಸಾಲುಸಾಲಾಗಿವೆ. ಹಳೆಯ ಎರಡು ಒಪ್ಪಂದಗಳನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳದೆ ಅದು ಯಾರಿಗೂ ಅರ್ಥವಾಗದು. ಸಮ್ಮತಿ ಕೇಳುವ ಕಾಗದವೇ ಓದಲಾಗದಂತಿದ್ದರೆ ಆ ಸಮ್ಮತಿಗೆ ಎಷ್ಟು ಬೆಲೆ ಎಂದು ಐರ್ಲೆಂಡಿನ ಸಾಮಾನ್ಯ ಮತದಾರ ಕೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಒಪ್ಪಂದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಸದಸ್ಯ ದೇಶಗಳ ಸಚಿವರು ಕೂಡುವ ಮಂಡಳಿಯಲ್ಲಿ ತೀರ್ಮಾನವಾಗಲು ಶೇ. 55ರಷ್ಟು ದೇಶಗಳು ಮತ್ತು ಅವು ಒಟ್ಟಾಗಿ ಒಕ್ಕೂಟದ ಜನಸಂಖ್ಯೆಯ ಶೇ. 65ನ್ನು ಪ್ರತಿನಿಧಿಸಬೇಕೆಂಬ ಜೋಡಿ ಬಹುಮತದ ಪದ್ಧತಿ ಬರಲಿತ್ತು. ಐರೋಪ್ಯ ಸಂಸತ್ತಿಗೆ ಕಾನೂನು ರಚನೆಯಲ್ಲಿ ಹೆಚ್ಚಿನ ಪಾಲು, ರಾಷ್ಟ್ರೀಯ ಸಂಸತ್ತುಗಳಿಗೆ ಕರಡು ಕಾನೂನುಗಳನ್ನು ಮರುಪರಿಶೀಲನೆಗೆ ಹಿಂದಿರುಗಿಸುವ ಅವಕಾಶ, ಹತ್ತು ಲಕ್ಷ ಸಹಿಗಳಿಂದ ನಾಗರಿಕರು ಪ್ರಸ್ತಾವ ಮಂಡಿಸುವ ದಾರಿ, ಒಕ್ಕೂಟದಿಂದ ಹೊರಹೋಗಲು ಬಯಸುವ ದೇಶಕ್ಕೆ ಮೊದಲ ಬಾರಿಗೆ ಸ್ಪಷ್ಟ ವಿಧಾನ (ಮುಂದೆ ಬ್ರಿಟನ್ ಬಳಸಿದ 50ನೇ ವಿಧಿ), ಇವೆಲ್ಲ ಇದ್ದವು. ಪ್ರಜಾಸತ್ತಾತ್ಮಕ ಹೊಣೆಗಾರಿಕೆಯ ದೃಷ್ಟಿಯಿಂದ ಹಿಂದಿನ ನೀಸ್ ಒಪ್ಪಂದಕ್ಕಿಂತ ಇದು ಒಳ್ಳೆಯದೇ. ಇದನ್ನು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಆದರೆ ಜನರಿಗೆ ಹೆಚ್ಚು ಅಧಿಕಾರ ಕೊಡುವ ಒಪ್ಪಂದವನ್ನು ಜನರಿಗೆ ತಿಳಿಯದ ಭಾಷೆಯಲ್ಲಿ ತಂದದ್ದು ಅದರ ಪ್ರವರ್ತಕರ ಕೈಯಾರೆ ಆದ ಪೆಟ್ಟು.

2008ರ ಪ್ರಚಾರಕ್ಕೆ ಬಂದರೆ, ಐರ್ಲೆಂಡಿನ ಸಂಸತ್ತಿನ ಕೆಳಮನೆಯ 166 ಸದಸ್ಯರ ಪೈಕಿ ಬಹುತೇಕ ಎಲ್ಲರೂ ಒಪ್ಪಂದದ ಪರವಿದ್ದರು. ಆಳುವ ಫಿಯನ್ನಾ ಫಾಲ್, ಪ್ರಮುಖ ವಿರೋಧ ಪಕ್ಷ ಫಿನ್ ಗೇಲ್, ಲೇಬರ್, ಎಲ್ಲವೂ ಒಂದೇ ಕಡೆ. ಎದುರು ನಿಂತ ಪಕ್ಷ ನಾಲ್ಕು ಸ್ಥಾನಗಳ ಶಿನ್ ಫೇನ್ ಒಂದೇ. ಸಂಸತ್ತಿನ ಹೊರಗೆ ಉದ್ಯಮಿ ಡೆಕ್ಲನ್ ಗ್ಯಾನ್ಲಿಯವರ ಲಿಬರ್ಟಾಸ್ ಸಂಸ್ಥೆ, ಎಡಪಂಥೀಯ ಗುಂಪುಗಳು, ಸಂಪ್ರದಾಯವಾದಿ ಕ್ಯಾಥೊಲಿಕ್ ಗುಂಪುಗಳು ತಮ್ಮತಮ್ಮ ಕಾರಣಗಳಿಂದ ವಿರೋಧಿಸಿದವು. ಟೀಶಕ್, ಅಂದರೆ ಪ್ರಧಾನಿ, ಬರ್ಟಿ ಅಹರ್ನ್ ಪ್ರಚಾರದ ನಡುವೆಯೇ ಮೇ ಆರಂಭದಲ್ಲಿ ಹುದ್ದೆಯಿಂದ ಇಳಿದರು. ಬ್ರಯಾನ್ ಕೌವೆನ್ ಬಂದರು. ಒಪ್ಪಂದವನ್ನು ಪೂರ್ತಿಯಾಗಿ ಓದಿಲ್ಲವೆಂದು ಕೌವೆನ್ ಒಪ್ಪಿಕೊಂಡರು. ಬ್ರಸೆಲ್ಸ್‌ನಲ್ಲಿ ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗದಲ್ಲಿ ಐರ್ಲೆಂಡಿನ ಆಯುಕ್ತರಾಗಿದ್ದ ಚಾರ್ಲಿ ಮೆಕ್ರೀವಿ ಕೂಡ ತಾವು ಓದಿಲ್ಲ, ಓದಬೇಕೆಂದು ಯಾರಿಂದಲೂ ನಿರೀಕ್ಷಿಸಲಾಗದು ಎಂಬ ಅರ್ಥದ ಮಾತಾಡಿದರು. ‘ಗೊತ್ತಿಲ್ಲದಿದ್ದರೆ ಬೇಡ ಅನ್ನಿ’ ಎಂಬ ವಿರೋಧಿಗಳ ಘೋಷಣೆಗೆ ಇದಕ್ಕಿಂತ ದೊಡ್ಡ ಬಲ ಬೇಕಿರಲಿಲ್ಲ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡ ಎಂಬುದು ಎಲ್ಲ ದೇಶಗಳ ಹಿರಿಯರೂ ಮಕ್ಕಳಿಗೆ ಹೇಳುವ ಬುದ್ಧಿ.

ಮತದಾನದ ಬಳಿಕ ಸರ್ಕಾರವೇ ಮಾಡಿಸಿದ ಸಮೀಕ್ಷೆಯಲ್ಲಿ, ಒಪ್ಪಂದದ ಬಗ್ಗೆ ತಿಳಿವಳಿಕೆ ಇಲ್ಲದ್ದೇ ‘ಬೇಡ’ ಮತಕ್ಕೆ ಮೊದಲ ಕಾರಣವಾಗಿ ಕಂಡುಬಂತು. ಉಳಿದ ಕಾರಣಗಳಲ್ಲಿ ಕೆಲವು ಒಪ್ಪಂದದಲ್ಲಿ ಇದ್ದವು, ಕೆಲವು ಇರಲಿಲ್ಲ. ಐರೋಪ್ಯ ಸೈನ್ಯಕ್ಕೆ ಮಕ್ಕಳನ್ನು ಕಡ್ಡಾಯವಾಗಿ ಸೇರಿಸಿಕೊಳ್ಳುತ್ತಾರೆ, ಗರ್ಭಪಾತದ ಕಾನೂನನ್ನು ಹೊರಗಿನಿಂದ ಹೇರುತ್ತಾರೆ ಎಂಬ ಭಯಗಳಿಗೆ ಪಠ್ಯದಲ್ಲಿ ಆಧಾರವಿರಲಿಲ್ಲ. ಶೇ. 12.5ರ ಕಂಪನಿ ತೆರಿಗೆ ಐರ್ಲೆಂಡಿನ ಕೈಯಲ್ಲೇ ಉಳಿಯುತ್ತಿತ್ತು. ಆದರೆ ಆಯುಕ್ತರ ಸಂಖ್ಯೆಯ ಆತಂಕ ನಿಜವಾದದ್ದು: 2014ರಿಂದ ಐರೋಪ್ಯ ಆಯೋಗದಲ್ಲಿ ಸದಸ್ಯ ದೇಶಗಳ ಮೂರನೆಯ ಎರಡು ಭಾಗದಷ್ಟೇ ಆಯುಕ್ತರಿರುತ್ತಾರೆ, ದೇಶಗಳು ಸರದಿಯಂತೆ ಸ್ಥಾನ ಬಿಟ್ಟುಕೊಡಬೇಕು ಎಂದು ಒಪ್ಪಂದ ಹೇಳಿತ್ತು. ನಲವತ್ತೈದು ಲಕ್ಷದಷ್ಟೇ ಜನರಿರುವ ಸಣ್ಣ ದೇಶಕ್ಕೆ ಆ ಒಂದು ಕುರ್ಚಿ ದೊಡ್ಡದು. ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಅಂಶವಿದೆ. ಆಗ ಜಾರಿಯಲ್ಲಿದ್ದ ನೀಸ್ ಒಪ್ಪಂದವೇ, ಒಕ್ಕೂಟದಲ್ಲಿ 27 ದೇಶಗಳಾದ ಮೇಲೆ ಆಯುಕ್ತರ ಸಂಖ್ಯೆ ದೇಶಗಳ ಸಂಖ್ಯೆಗಿಂತ ಕಡಿಮೆಯಿರಬೇಕೆಂದು ವಿಧಿಸಿತ್ತು. ಅಂದರೆ ಕುರ್ಚಿ ಉಳಿಸಿಕೊಳ್ಳಲು ‘ಬೇಡ’ ಎಂದವರು, ಕುರ್ಚಿಯನ್ನು ಇನ್ನೂ ಬೇಗ ಕಳೆದುಕೊಳ್ಳುವ ಹಳೆಯ ಏರ್ಪಾಡಿಗೆ ಮರಳುತ್ತಿದ್ದರು. ‘ಬೇಡ’ದ ಪರಿಣಾಮವೇನೆಂದು ಯಾರೂ ಬಿಡಿಸಿ ಹೇಳದಿದ್ದುದರ ಬೆಲೆ ಇದರಿಂದ ತಿಳಿಯುತ್ತದೆ.

ಫಲಿತಾಂಶದ ದಿನ 43 ಕ್ಷೇತ್ರಗಳಲ್ಲಿ 10 ಮಾತ್ರ ಒಪ್ಪಂದದ ಪರ ನಿಂತಿದ್ದವು. ಡಬ್ಲಿನ್ನಿನ ಅನುಕೂಲಸ್ಥ ಬಡಾವಣೆಗಳು ಒಂದು ಕಡೆ, ಕಾರ್ಮಿಕರ ಬಡಾವಣೆಗಳು ಮತ್ತು ಪಶ್ಚಿಮದ ಹಳ್ಳಿಗಾಡು ಇನ್ನೊಂದು ಕಡೆ.

ನಿಯಮದ ಪ್ರಕಾರ ಆ ದಿನವೇ ಒಪ್ಪಂದದ ಕಥೆ ಮುಗಿಯಬೇಕಿತ್ತು, ಏಕೆಂದರೆ ಎಲ್ಲ ಸದಸ್ಯ ದೇಶಗಳೂ ಸ್ಥಿರೀಕರಿಸದೆ ಅದು ಜಾರಿಗೆ ಬರುವಂತಿರಲಿಲ್ಲ. ಆದರೆ ಆಯೋಗದ ಅಧ್ಯಕ್ಷ ಜೊಸೆ ಮಾನುಯೆಲ್ ಬರೋಸೊ ಒಪ್ಪಂದ ಸತ್ತಿಲ್ಲವೆಂದೂ ಉಳಿದ ದೇಶಗಳು ಸ್ಥಿರೀಕರಣವನ್ನು ಮುಂದುವರಿಸಬೇಕೆಂದೂ ಹೇಳಿದರು. ಒಂದೇ ವಾರದಲ್ಲಿ ಬ್ರಿಟನ್ ತನ್ನ ಸಂಸತ್ತಿನ ಕಾರ್ಯವನ್ನು ಮುಗಿಸಿತು. ಫ್ರಾನ್ಸಿನ ಅಧ್ಯಕ್ಷ ನಿಕೊಲಾ ಸರ್ಕೋಜಿ ಜುಲೈನಲ್ಲಿ, ಐರಿಷ್ ಜನ ಮತ್ತೊಮ್ಮೆ ಮತ ಹಾಕಬೇಕಾಗುತ್ತದೆ ಎಂದು ತಮ್ಮ ಪಕ್ಷದವರ ಮುಂದೆ ಹೇಳಿದ್ದು ಹೊರಬಿದ್ದಾಗ ಐರ್ಲೆಂಡಿನಲ್ಲಿ ಸಿಟ್ಟು ಎದ್ದಿತು. ಸಿಟ್ಟು ನ್ಯಾಯವಾದದ್ದೇ. ಸರ್ವಾನುಮತವನ್ನು ನಿಯಮವಾಗಿ ಬರೆದುಕೊಂಡು, ಒಬ್ಬರು ಅದನ್ನು ಬಳಸಿದಾಗ ಇಪ್ಪತ್ತಾರು ಮಂದಿಗೆ ಅಡ್ಡಿಯಾದವರೆಂದು ಅವರನ್ನು ನೋಡುವುದು, ತಾವೇ ಬರೆದ ನಿಯಮಕ್ಕೆ ತಾವೇ ಬೆನ್ನು ತಿರುಗಿಸಿದಂತೆ.

ಎದುರು ವಾದಕ್ಕೂ ಕಿವಿಗೊಡಬೇಕು. ಒಕ್ಕೂಟದ ಜನಸಂಖ್ಯೆ ಆಗ ಸುಮಾರು 50 ಕೋಟಿ. ಅದರ ಶೇ. ಒಂದಕ್ಕಿಂತ ಕಡಿಮೆಯಿರುವ ದೇಶವೊಂದರಲ್ಲಿ ಎಂಟೂವರೆ ಲಕ್ಷ ಮತಗಳು ಉಳಿದವರೆಲ್ಲರ ಚುನಾಯಿತ ಸಂಸತ್ತುಗಳ ತೀರ್ಮಾನವನ್ನು ತಡೆಯುವುದು ಯಾವ ಪ್ರಜಾಪ್ರಭುತ್ವ ಎಂಬ ಪ್ರಶ್ನೆ ಸುಳ್ಳಲ್ಲ. ಆದರೆ ಆ ಪ್ರಶ್ನೆ ಕೇಳುವವರು ಐರೋಪ್ಯ ಜನತೆ ಎಂಬ ಒಂದೇ ಜನಸಮುದಾಯ ಇದೆಯೆಂದು ಮೊದಲೇ ಇಟ್ಟುಕೊಂಡಿರುತ್ತಾರೆ. ಒಪ್ಪಂದಕ್ಕೆ ಸಹಿ ಹಾಕಿದವು 27 ರಾಜ್ಯಗಳು. ಒಂದೊಂದು ರಾಜ್ಯವೂ ತನ್ನ ತನ್ನ ಸಂವಿಧಾನ ಹೇಳಿದಂತೆ ಒಪ್ಪಿಗೆ ಪಡೆಯಬೇಕೆಂದು ಒಪ್ಪಂದದಲ್ಲೇ ಇದೆ. ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರ ಜೂನ್ 30ರಂದು ಇದೇ ಲಿಸ್ಬನ್ ಒಪ್ಪಂದದ ಬಗ್ಗೆ ಕೊಟ್ಟ ತೀರ್ಪು ಕೂಡ ಸದಸ್ಯ ರಾಜ್ಯಗಳ ಜನರೇ ಪ್ರಜಾಸತ್ತಾತ್ಮಕ ಅಧಿಕಾರದ ಮೂಲವೆಂದು ಎತ್ತಿಹಿಡಿಯಿತು; ಜರ್ಮನಿಯ ಸಂಸತ್ತಿನ ಹಕ್ಕುಗಳನ್ನು ಕಾನೂನಿನಲ್ಲಿ ಬಲಪಡಿಸುವ ತನಕ ಸ್ಥಿರೀಕರಣ ಪತ್ರ ಸಲ್ಲಿಸಬಾರದೆಂದಿತು. ಸಾರ್ವಭೌಮತ್ವದ ಪ್ರಶ್ನೆಯನ್ನು ಡಬ್ಲಿನ್ನಿನ ಮೊಂಡುತನವೆಂದು ತಳ್ಳಿಹಾಕಿದ್ದವರಿಗೆ, ಆ ನ್ಯಾಯಾಲಯ ಇರುವ ಕಾರ್ಲ್ಸ್‌ರೂಹೆಯಿಂದ ಬಂದ ಉತ್ತರವದು.

ಐರ್ಲೆಂಡಿಗೆ ಸಿಕ್ಕಿದ್ದೇನು? 2008ರ ಡಿಸೆಂಬರ್‌ನ ಶೃಂಗಸಭೆಯಲ್ಲಿ, ಒಪ್ಪಂದ ಜಾರಿಯಾದರೆ ಪ್ರತಿ ದೇಶಕ್ಕೂ ಒಬ್ಬ ಆಯುಕ್ತ ಉಳಿಯುವಂತೆ ತೀರ್ಮಾನ ಮಾಡುವುದಾಗಿ ನಾಯಕರು ಒಪ್ಪಿದರು. 2009ರ ಜೂನ್‌ನಲ್ಲಿ ಮೂರು ವಿಷಯಗಳಲ್ಲಿ ಕಾನೂನುಬದ್ಧ ಭರವಸೆ ಬಂತು: ಬದುಕುವ ಹಕ್ಕು, ಕುಟುಂಬ ಮತ್ತು ಶಿಕ್ಷಣದ ಬಗ್ಗೆ ಐರಿಷ್ ಸಂವಿಧಾನದ ರಕ್ಷಣೆಗಳಿಗೆ ಧಕ್ಕೆಯಿಲ್ಲ, ತೆರಿಗೆಯಲ್ಲಿ ಒಕ್ಕೂಟದ ಅಧಿಕಾರ ಹೆಚ್ಚುವುದಿಲ್ಲ, ಐರ್ಲೆಂಡಿನ ಸೈನಿಕ ತಟಸ್ಥ ನೀತಿಗೆ ಬಾಧೆಯಿಲ್ಲ. ಕಾರ್ಮಿಕರ ಹಕ್ಕುಗಳ ಬಗ್ಗೆ ಒಂದು ಘೋಷಣೆಯೂ ಜೊತೆಗಿತ್ತು. ಮುಂದೆ ಹೊಸ ದೇಶವೊಂದು ಒಕ್ಕೂಟಕ್ಕೆ ಸೇರುವ ಒಪ್ಪಂದದ ಸಮಯದಲ್ಲಿ ಈ ಭರವಸೆಗಳನ್ನು ಪ್ರೋಟೊಕಾಲ್ ಆಗಿ, ಅಂದರೆ ಒಪ್ಪಂದದಷ್ಟೇ ಬಲವಿರುವ ಅನುಬಂಧವಾಗಿ, ಸೇರಿಸುವ ಮಾತಾಯಿತು; ಆ ಪ್ರೋಟೊಕಾಲ್ 2014ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು.

ಈ ಮೂರು ಭರವಸೆಗಳನ್ನು ತಕ್ಕಡಿಯಲ್ಲಿಟ್ಟರೆ ಹೆಚ್ಚು ತೂಗುವುದಿಲ್ಲ, ಏಕೆಂದರೆ ಒಪ್ಪಂದದಲ್ಲಿ ಇರದೆ ಇದ್ದದ್ದನ್ನು ‘ಇಲ್ಲ’ ಎಂದು ಬರೆದುಕೊಟ್ಟದ್ದಷ್ಟೇ ಅವುಗಳ ಕೆಲಸ. ಹಾಗೆಂದು ಅವನ್ನು ಕಣ್ಣೊರೆಸುವ ತಂತ್ರವೆಂದು ನಾನು ಕರೆಯಲಾರೆ: ಭಯವಿದ್ದವರಿಗೆ ಬಾಯಿಮಾತಿನ ಬದಲು ಬರಹ ಸಿಕ್ಕಿತು, ನ್ಯಾಯಾಲಯಕ್ಕೆ ಹಿಡಿದುಕೊಂಡು ಹೋಗಬಹುದಾದ ಬರಹ. ಆಯುಕ್ತರ ವಿಷಯದ ತೂಕ ಬೇರೆ. 2013ರಲ್ಲಿ ಸದಸ್ಯ ದೇಶಗಳ ನಾಯಕರ ಐರೋಪ್ಯ ಮಂಡಳಿ ಔಪಚಾರಿಕವಾಗಿ ತೀರ್ಮಾನಿಸಿದ ಪ್ರಕಾರ, ಇಂದಿಗೂ ಪ್ರತಿ ಸದಸ್ಯ ದೇಶಕ್ಕೂ ಒಬ್ಬ ಆಯುಕ್ತರಿದ್ದಾರೆ. ಮಾಲ್ಟಾದ, ಎಸ್ಟೋನಿಯಾದ, ಲಕ್ಸೆಂಬರ್ಗಿನ ಕುರ್ಚಿಗಳೂ ಐರ್ಲೆಂಡಿನ ಒಂದು ‘ಬೇಡ’ದಿಂದ ಉಳಿದವು.

ಎರಡು ಮತದಾನಗಳ ನಡುವೆ ಇನ್ನೊಂದು ಘಟನೆ ನಡೆಯಿತು, ಅದನ್ನು ಬಿಟ್ಟು ಈ ಪ್ರಕರಣ ಅರ್ಥವಾಗದು. 2008ರ ಸೆಪ್ಟೆಂಬರ್ ಕೊನೆಯಲ್ಲಿ, ಕುಸಿಯುತ್ತಿದ್ದ ಬ್ಯಾಂಕುಗಳ ಸಾಲಗಳಿಗೆಲ್ಲ ಐರಿಷ್ ಸರ್ಕಾರ ಖಾತರಿ ನಿಂತಿತು. ವರ್ಷ ತುಂಬುವಷ್ಟರಲ್ಲಿ ನಿರುದ್ಯೋಗ ಇಮ್ಮಡಿಯಾಯಿತು, ಮನೆಗಳ ಬೆಲೆ ಕುಸಿಯಿತು, ವಲಸೆ ಮತ್ತೆ ಶುರುವಾಯಿತು. ಐರೋಪ್ಯ ಕೇಂದ್ರ ಬ್ಯಾಂಕಿನ ಆಸರೆ ಇಲ್ಲದಿದ್ದರೆ ನಾವು, ಬ್ಯಾಂಕುಗಳು ಮುಳುಗಿಹೋದ ಐಸ್‌ಲ್ಯಾಂಡಿನ ದಾರಿ ಹಿಡಿಯುತ್ತಿದ್ದೆವು ಎಂಬ ಮಾತು ಮನೆಮನೆಯಲ್ಲಿ ಕೇಳಿಬಂತು. 2009ರ ಪ್ರಚಾರದಲ್ಲಿ ಒಪ್ಪಂದದ ಪರವಿದ್ದವರು ಉದ್ಯೋಗ, ಚೇತರಿಕೆ ಎಂಬ ಮಾತುಗಳನ್ನು ಗೋಡೆಗೋಡೆಗೆ ಅಂಟಿಸಿದರು. ಲಿಸ್ಬನ್ ಒಪ್ಪಂದದ ವಿಧಿಗಳಿಗೂ ಉದ್ಯೋಗ ಸೃಷ್ಟಿಗೂ ನೇರ ನಂಟಿರಲಿಲ್ಲ. ಮೊದಲ ಸಲ ಒಂದು ಪಕ್ಷ ಇಲ್ಲದ ಭಯವನ್ನು ಬಿತ್ತಿದ್ದರೆ, ಎರಡನೆಯ ಸಲ ಇನ್ನೊಂದು ಪಕ್ಷ ಇರುವ ಭಯದ ಮೇಲೆ ಬೆಳೆ ತೆಗೆಯಿತು.

ಆದರೂ ಅಂಕಿಗಳು ಒಂದು ಸೂಕ್ಷ್ಮವನ್ನು ಹೇಳುತ್ತವೆ. ಇದಕ್ಕೆ ಮೊದಲು ನೀಸ್ ಒಪ್ಪಂದವನ್ನೂ ಐರ್ಲೆಂಡ್ 2001ರ ಜೂನ್‌ನಲ್ಲಿ ತಿರಸ್ಕರಿಸಿ 2002ರ ಅಕ್ಟೋಬರ್‌ನಲ್ಲಿ ಒಪ್ಪಿತ್ತು. ಆಗ ‘ಬೇಡ’ ಮತಗಳು ಮೊದಲ ಸಲ 5,29,478, ಎರಡನೆಯ ಸಲ 5,34,887, ಹೆಚ್ಚುಕಡಿಮೆ ಅಷ್ಟೇ. ‘ಬೇಕು’ ಮತಗಳು ಮಾತ್ರ 4,53,461ರಿಂದ 9,06,317ಕ್ಕೆ ಏರಿ ಇಮ್ಮಡಿಯಾದವು. ಮೊದಲ ಸಲ ಮತ ಹಾಕಿದವರು ಶೇ. 35ರಷ್ಟು ಮಂದಿ; ಎರಡನೆಯ ಸಲ ಸುಮಾರು ಅರ್ಧದಷ್ಟು ಜನ ಮತಗಟ್ಟೆಗೆ ಬಂದರು. ವಿರೋಧಿಗಳ ಗಾತ್ರ ಕುಗ್ಗದೆಯೇ, ಮನೆಯಲ್ಲಿ ಕುಳಿತಿದ್ದವರು ಎದ್ದು ಬಂದದ್ದರಿಂದ ಬದಲಾದ ಫಲಿತಾಂಶವಾಗಿತ್ತು ಅದು. ಲಿಸ್ಬನ್ ಹಾಗಲ್ಲ. ‘ಬೇಡ’ ಮತಗಳು 8,62,415ರಿಂದ 5,94,606ಕ್ಕೆ ಇಳಿದವು, ‘ಬೇಕು’ ಮತಗಳು 12 ಲಕ್ಷ ದಾಟಿದವು, ಮತ ಪ್ರಮಾಣ ಶೇ. 53ರಿಂದ 59ಕ್ಕೆ ಏರಿತು. ಇಲ್ಲಿ ಮನಸ್ಸು ಬದಲಿಸಿದವರು ದೊಡ್ಡ ಸಂಖ್ಯೆಯಲ್ಲಿ ಇದ್ದರು. 43 ಕ್ಷೇತ್ರಗಳಲ್ಲಿ 41 ಒಪ್ಪಿದವು. ವಾಯವ್ಯ ತುದಿಯ ಡೊನೆಗಾಲ್ ಕೌಂಟಿಯ ಎರಡು ಕ್ಷೇತ್ರಗಳು ಮಾತ್ರ ಹಿಂದಿನ ಉತ್ತರಕ್ಕೇ ನಿಂತವು. ಭಯದಿಂದ ಬದಲಾದ ಮನಸ್ಸೂ ಬದಲಾದ ಮನಸ್ಸೇ. ಹೆಚ್ಚು ಜನ ಭಾಗವಹಿಸಿ ಹೆಚ್ಚು ಅಂತರದಿಂದ ಕೊಟ್ಟ ಎರಡನೆಯ ಉತ್ತರವನ್ನು ಸುಳ್ಳೆಂದು ತಳ್ಳಲು ನನಗೆ ಕಾರಣ ಕಾಣುವುದಿಲ್ಲ. ನನ್ನ ತಕರಾರು ಬೇರೆ ಕಡೆಗಿದೆ: ‘ಬೇಕು’ ಎಂಬ ಉತ್ತರ ಬಂದಿದ್ದರೆ ಮತ್ತೆ ಕೇಳುವ ಪ್ರಶ್ನೆಯೇ ಏಳುತ್ತಿರಲಿಲ್ಲ. 1992ರಲ್ಲಿ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಬೇಡವೆಂದ ಡೆನ್ಮಾರ್ಕ್, ನಾಲ್ಕು ವಿನಾಯಿತಿಗಳನ್ನು ಪಡೆದು 1993ರಲ್ಲಿ ಒಪ್ಪಿದಾಗಿನಿಂದಲೂ ಈ ಬಾಗಿಲು ಒಂದೇ ಕಡೆಗೆ ತೆರೆಯುತ್ತ ಬಂದಿದೆ.

ಹಾಗಿದ್ದರೂ, ಜನಸಮ್ಮತಿಗೆ ದೊಡ್ಡ ಅಗೌರವ ಎಲ್ಲಿ ಆಯಿತೆಂದು ಯಾರಾದರೂ ಕೇಳಿದರೆ ನಾನು ಡಬ್ಲಿನ್ನಿಗೆ ಮೊದಲು ಪ್ಯಾರಿಸ್ಸಿನ ಕಡೆ ಕೈ ತೋರಿಸುತ್ತೇನೆ. 2005ರಲ್ಲಿ ಬೇಡವೆಂದಿದ್ದ ಫ್ರೆಂಚ್ ಮತದಾರರನ್ನು ಮತ್ತೆ ಯಾರೂ ಕೇಳಲೇ ಇಲ್ಲ. 2008ರ ಫೆಬ್ರವರಿಯಲ್ಲಿ ಎರಡೂ ಸದನಗಳ ಜಂಟಿ ಅಧಿವೇಶನ ವರ್ಸೇಲ್ಸ್‌ನಲ್ಲಿ ಸಂವಿಧಾನವನ್ನು ತಿದ್ದಿತು, ಕೆಲವೇ ದಿನಗಳಲ್ಲಿ ಸಂಸತ್ತು ಲಿಸ್ಬನ್ ಒಪ್ಪಂದಕ್ಕೆ ಅಂಗೀಕಾರ ಕೊಟ್ಟಿತು. ಸರ್ಕೋಜಿ ಚುನಾವಣೆಯ ಮೊದಲೇ ಸಂಸತ್ತಿನ ದಾರಿಯನ್ನೇ ಹಿಡಿಯುವುದಾಗಿ ಹೇಳಿದ್ದರೆಂಬುದೂ ನಿಜ. ನೆದರ್‌ಲ್ಯಾಂಡ್ಸಿನ ಸರ್ಕಾರ ಕೂಡ, ಹೊಸ ಒಪ್ಪಂದಕ್ಕೆ ಸಂವಿಧಾನದ ಸ್ವರೂಪವಿಲ್ಲವಾದ್ದರಿಂದ ಜನಮತಗಣನೆ ಬೇಡವೆಂದಿತು. ಐರಿಷ್ ಮತದಾರನಿಗೆ ಎರಡನೆಯ ಸಲವೂ ‘ಬೇಡ’ ಎನ್ನುವ ಅಧಿಕಾರ ಕೈಯಲ್ಲೇ ಇತ್ತು. ಅವನ ಮೊದಲ ‘ಬೇಡ’ ಒಕ್ಕೂಟದ ಆಯೋಗದ ರಚನೆಯನ್ನೇ ಬದಲಿಸಿತ್ತು. ಮೂರು ವರ್ಷ ಮೊದಲು ಶೇ. 69ರಷ್ಟು ಮತದಾನದಲ್ಲಿ ಉತ್ತರ ಕೊಟ್ಟಿದ್ದ ಫ್ರೆಂಚ್ ಮತದಾರನ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಈ ಪ್ರಕರಣಕ್ಕೆ ಮುಂದುವರಿದ ಭಾಗವೊಂದಿದೆ. 2010ರ ನವೆಂಬರ್‌ನಲ್ಲಿ ಐರ್ಲೆಂಡ್ 8,500 ಕೋಟಿ ಯೂರೋಗಳ ನೆರವಿನ ಯೋಜನೆಯನ್ನು ಒಪ್ಪಿಕೊಂಡಿತು. ಅದರಲ್ಲಿ 1,750 ಕೋಟಿ ಅದರದೇ ಬೊಕ್ಕಸ ಮತ್ತು ಪಿಂಚಣಿ ಮೀಸಲು ನಿಧಿಯದು. ಮುಂದಿನ ಮೂರು ವರ್ಷ ಐರೋಪ್ಯ ಆಯೋಗ, ಐರೋಪ್ಯ ಕೇಂದ್ರ ಬ್ಯಾಂಕ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅಧಿಕಾರಿಗಳು ಮೂರು ತಿಂಗಳಿಗೊಮ್ಮೆ ಡಬ್ಲಿನ್ನಿಗೆ ಬಂದು ಲೆಕ್ಕ ನೋಡಿದರು. ಸಂಬಳ, ಪಿಂಚಣಿ, ತೆರಿಗೆಗಳ ನೀತಿ ಷರತ್ತುಗಳ ಪಟ್ಟಿಗೆ ಒಳಪಟ್ಟಿತು. ಲಿಸ್ಬನ್ ಒಪ್ಪಂದದ ಯಾವ ವಿಧಿಯೂ ಐರ್ಲೆಂಡಿನ ಸಾರ್ವಭೌಮತ್ವವನ್ನು ಇಷ್ಟು ಹತ್ತಿರದಿಂದ ಮುಟ್ಟಿರಲಿಲ್ಲ. ಇದಕ್ಕೆ ಜನಮತಗಣನೆ ನಡೆಯಲಿಲ್ಲ. ಇದು ಸಾಲದ ಷರತ್ತು, ಸಂವಿಧಾನವನ್ನು ಮುಟ್ಟುವ ಒಪ್ಪಂದವಾಗಿರಲಿಲ್ಲ. ಕ್ರಾಟಿ ತೀರ್ಪು ನೆಟ್ಟ ಬೇಲಿ ಒಪ್ಪಂದಗಳು ಬರುವ ದಾರಿಯಲ್ಲಿತ್ತು, ಅಧಿಕಾರ ಹೊರಟುಹೋದದ್ದು ಬೇರೆ ದಾರಿಯಿಂದ.

ನಂತರ ಬಂದದ್ದು ಸರ್ಕಾರಗಳ ಕೊರತೆಗೂ ಸಾಲಕ್ಕೂ ಮಿತಿ ಹಾಕುವ ಹಣಕಾಸು ಶಿಸ್ತಿನ ಒಪ್ಪಂದ. 2012ರ ಮೇ 31ರಂದು ಐರ್ಲೆಂಡ್ ಅದಕ್ಕಾಗಿ ಮತ್ತೆ ಜನಮತಗಣನೆ ನಡೆಸಿತು. ಈ ಸಲ ‘ಬೇಡ’ದ ಪರಿಣಾಮ ಒಪ್ಪಂದದ ಪಠ್ಯದಲ್ಲೇ ಸ್ಪಷ್ಟವಾಗಿತ್ತು. ಯೂರೋ ಬಳಸುವ 17 ದೇಶಗಳಲ್ಲಿ 12 ಸ್ಥಿರೀಕರಿಸಿದರೆ ಸಾಕು, ಅದು ಜಾರಿಗೆ ಬರುತ್ತದೆ. ಸ್ಥಿರೀಕರಿಸದ ದೇಶಕ್ಕೆ ಮುಂದೆ ಐರೋಪ್ಯ ಸ್ಥಿರತಾ ನಿಧಿಯಿಂದ ಹೊಸ ನೆರವು ಸಿಗದು. 2008ರಲ್ಲಿ ಮತದಾರರಿಗೆ ಸಿಗದಿದ್ದ ಉತ್ತರ ಈಗ ಸಿಕ್ಕಿತ್ತು, ಆದರೆ ಇಡೀ ಒಪ್ಪಂದವನ್ನು ತಡೆಯುವ ಶಕ್ತಿಯನ್ನು ಅದರ ಜೊತೆಗೇ ಹಿಂದಕ್ಕೆ ಪಡೆಯಲಾಗಿತ್ತು. ಅರ್ಧದಷ್ಟು ಮತದಾರರು ಬಂದರು, ಶೇ. 60.3 ಮಂದಿ ಒಪ್ಪಿದರು. ಡೊನೆಗಾಲ್‌ನ ಎರಡು ಕ್ಷೇತ್ರಗಳು ಈ ಸಲವೂ ಬೇಡವೆಂದವು. ಡಬ್ಲಿನ್ನಿನ ಮೂರು ಕ್ಷೇತ್ರಗಳು ಅವುಗಳ ಜೊತೆ ಸೇರಿದವು.